ನಮ್ಮ ಸೀಮೆಯಲ್ಲಿ ಉಚ್ಚ ಶಿಕ್ಷಣವು ಬೆಳೆದ ಬಗೆ

ವಿಶ್ವವಿದ್ಯಾನಿಲಯವು ಅರಸನ ದತ್ತಿಯೋ, ಜನರ ಗಳಿಕೆಯೋ ಎಂಬ ಪ್ರಶ್ನೆಗೆ ನಾನಾ ದೇಶಗಳ ಇತಿಹಾಸವು ನಾನಾ ಉತ್ತರಗಳನ್ನು ಕೊಡುತ್ತದೆ. ಪೋಲೆಂಡಿನ ಕ್ರಾಕೋ ನಗರದಲ್ಲಿ ೧೩೬೪ನೆಯ ಇಸವಿಯಲ್ಲಿಯೇ ಕಾಸಿಮಿರ್ ದೊರೆಯು ಒಂದು ವಿಶ್ವವಿದ್ಯಾನಿಲಯವನ್ನು ಸ್ಥಾಪಿಸಿದನು. ೧೭೯೫ರಲ್ಲಿ ಆ ರಾಜ್ಯವು ನೆರೆಯ ಮೂರು ಪ್ರಬಲ ರಾಜ್ಯಗಳ ಪಾಲಾಗಿ ಭೂಪಟದಿಂದಲೇ ಅಳಿಸಿಹೋಯಿತು. ಆದರೂ ವಿದ್ಯೆಯು ನಿಲ್ಲಲಿಲ್ಲ. ೧೮೮೦ರ ದಶಕದಲ್ಲಿ ವಾರ್ಸಾದ ಜನರು ಮನೆಯಿಂದ ಮನೆಗೆ ಸ್ಥಳ ಬದಲಾಯಿಸುತ್ತ ಗುಪ್ತವಾಗಿ ಉಚ್ಚ ಪಾಠಗಳನ್ನು ನಡೆಯಿಸಿದರು. ಮುಂದೆ ಮೇರಿ ಕ್ಯೂರಿಯೆಂದು ಲೋಕಪ್ರಸಿದ್ಧಳಾದ ತರುಣಿಯು ಅಲ್ಲಿ ಕಲಿತವಳೇ. ನಮ್ಮ ಉಡುಪಿ ಸೀಮೆಗೆ ಅಂತಹ ವಿಪತ್ತೇನೂ ಒದಗಲಿಲ್ಲ. ಆದರೆ ಇಲ್ಲಿಯೂ ವಿಶ್ವವಿದ್ಯಾನಿಲಯಕ್ಕಿಂತ ಮುಂಚೆ ಕಾಲೇಜು ಬಂದಿತು. ಅದನ್ನು ತಂದವರು ಅರಸರಲ್ಲ, ಊರಿನವರು.

ವಿದ್ಯೆಯು ಈ ನಾಡಿಗೆ ಹೊಸತಲ್ಲ. ಉಡುಪಿಯ ಅಷ್ಟಮಠಗಳಲ್ಲಿ ವೇದಾಂತದ ಪಾಠಪ್ರವಚನಗಳೂ, ಕಾರ್ಕಳ ಮೂಡಬಿದಿರೆಗಳ ಜೈನ ಮಠಗಳಲ್ಲಿ ಶಾಸ್ತ್ರವ್ಯಾಸಂಗವೂ ಶತಮಾನಗಳಿಂದ ನಡೆದುಬಂದಿವೆ. ಆದರೆ ಆಂಗ್ಲ ಪದ್ಧತಿಯ ಪದವಿಗೆ ೧೮೫೭ರಲ್ಲಿ ಸ್ಥಾಪಿತವಾದ ಮದ್ರಾಸು ವಿಶ್ವವಿದ್ಯಾನಿಲಯವೇ ನಮಗೆ ಗತಿಯಾಯಿತು. ಆ ವಿಶ್ವವಿದ್ಯಾನಿಲಯವು ಮೊದಮೊದಲು ಪರೀಕ್ಷೆಯನ್ನು ಮಾತ್ರ ನಡೆಯಿಸುತ್ತಿತ್ತು. ಪಾಠ ಹೇಳುವ ಹೊಣೆ ಕಾಲೇಜುಗಳದು. ಅಂತಹ ಕಾಲೇಜುಗಳಾದರೋ ಜಿಲ್ಲೆಯ ಮುಖ್ಯ ಪಟ್ಟಣವಾದ ಮಂಗಳೂರಿನಲ್ಲಿಯೇ ಹುಟ್ಟಿದವು. ಸರಕಾರದ ವಿದ್ಯಾಶಾಲೆಯು ೧೮೬೮ರಲ್ಲಿಯೂ, ಜೆಸುಯಿಟ್ ಪಾದ್ರಿಗಳ ಸಂತ ಅಲೋಶಿಯಸ್ ಕಾಲೇಜು ೧೮೮೦ರಲ್ಲಿಯೂ, ಸ್ತ್ರೀಯರಿಗಾಗಿ ಸಂತ ಆಗ್ನೆಸ್ ಕಾಲೇಜು ೧೯೨೧ರಲ್ಲಿಯೂ ಆರಂಭವಾದವು. ಉಡುಪಿಯ ಹುಡುಗನು ಅಲ್ಲಿಗೆ ಹೋಗಬೇಕಾದರೆ ಉದ್ಯಾವರ, ಮುಲ್ಕಿ, ಪಾವಂಜೆ, ಕೂಳೂರುಗಳ ಹೊಳೆಗಳನ್ನು ದಾಟಬೇಕಾಗಿತ್ತು. ಸೇತುವೆಗಳಾಗುವವರೆಗೆ ದೋಣಿಯೇ ಆಧಾರ. ಅದಕ್ಕಿಂತ ದೊಡ್ಡ ಹೊಳೆಯೆಂದರೆ ಪರವೂರಿನಲ್ಲಿ ಊಟವಸತಿಗಳ ವೆಚ್ಚ. ಅನೇಕರ ವಿದ್ಯಾಭ್ಯಾಸವು ಹೈಸ್ಕೂಲಿನಲ್ಲಿಯೇ ಮುಗಿಯುತ್ತಿದ್ದುದು ಬುದ್ಧಿಯ ಕೊರತೆಯಿಂದಲ್ಲ.

ಈ ಸ್ಥಿತಿಯನ್ನು ಬದಲಿಸಿದವರಲ್ಲಿ ಡಾ. ತೋನ್ಸೆ ಮಾಧವ ಅನಂತ ಪೈಗಳು (೧೮೯೮–೧೯೭೯) ಪ್ರಮುಖರು. ಸ್ವತಃ ವೈದ್ಯರಾಗಿದ್ದ ಅವರು ಉಪೇಂದ್ರ ಅನಂತ ಪೈ, ವಾಮನ ಕುಡ್ವ ಇವರೊಡನೆ ೧೯೨೫ರಲ್ಲಿ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು. ೧೯೨೮ರಲ್ಲಿ ಆರಂಭವಾದ ಪಿಗ್ಮಿ ಠೇವಣಿಯ ಪದ್ಧತಿಯಂತೆ ಬ್ಯಾಂಕಿನ ಪ್ರತಿನಿಧಿಯು ದಿನವೂ ಮನೆಬಾಗಿಲಿಗೆ ಹೋಗಿ ಎರಡಾಣೆಯಷ್ಟು ಅಲ್ಪ ಉಳಿತಾಯವನ್ನೂ ಸಂಗ್ರಹಿಸುತ್ತಿದ್ದನು. ಹನಿಗೂಡಿ ಹಳ್ಳವಾಗುವುದನ್ನು ಹಣಕಾಸಿನಲ್ಲಿ ಕಂಡವರಿಗೆ ವಿದ್ಯೆಯಲ್ಲಿಯೂ ಅದೇ ಮಾರ್ಗವು ಹೊಳೆದುದು ಸಹಜ. ೧೯೪೨ರಲ್ಲಿ ಮಣಿಪಾಲದಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಹುಟ್ಟಿತು. ೧೯೪೯ರಲ್ಲಿ ಉಡುಪಿಯಲ್ಲಿ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜು ಆರಂಭವಾಯಿತು. ಕಾಪುವಿನ ಕಡಲ ಕರೆಯ ಹುಡುಗನಿಗೆ ಬಿ.ಎ. ಪದವಿಯು ಕೈಗೆಟಕುವ ದೂರಕ್ಕೆ ಬಂದಿತು. ೧೯೬೦ರಲ್ಲಿ ಉಡುಪಿಯ ಪೂರ್ಣಪ್ರಜ್ಞ ಕಾಲೇಜೂ ಕಾರ್ಕಳದ ಭುವನೇಂದ್ರ ಕಾಲೇಜೂ ಅದನ್ನು ಹಿಂಬಾಲಿಸಿದವು.

ಈ ನಡುವೆ ಆಳುವ ಗಡಿಗಳು ಬದಲಾಗುತ್ತಲೇ ಇದ್ದವು. ೧೯೫೬ರ ನವೆಂಬರ್ ೧ರಂದು ನಮ್ಮ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳದ ಪಾಲಾಯಿತು. ಮದ್ರಾಸಿನ ಅಧೀನದಲ್ಲಿದ್ದ ಕಾಲೇಜುಗಳು ಮೈಸೂರು ವಿಶ್ವವಿದ್ಯಾನಿಲಯದ ಅಧೀನಕ್ಕೆ ಬಂದವು. ೧೯೬೮ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕೊಣಾಜೆಯಲ್ಲಿ ಸ್ನಾತಕೋತ್ತರ ಕೇಂದ್ರವನ್ನು ತೆರೆಯಿತು; ಅದುವೇ ೧೯೮೦ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯವಾಯಿತು. ಪದವಿಪತ್ರದ ಮುದ್ರೆ ಎರಡು ಬಾರಿ ಬದಲಾದರೂ ಊರಿನ ಕಾಲೇಜು ನಿಂತಲ್ಲಿಯೇ ನಿಂತಿತ್ತು. ಉಡುಪಿಯ ಆ ಮೊದಲ ಕಾಲೇಜಿನ ಆಶ್ರಯದಲ್ಲಿರುವ ಗೋವಿಂದ ಪೈ ಸಂಶೋಧನ ಕೇಂದ್ರವು ಆರು ಸಂಪುಟಗಳ ತುಳು ನಿಘಂಟನ್ನು ೧೯೯೭ರ ಹೊತ್ತಿಗೆ ಮುಗಿಸಿತು. ವಿಶ್ವವಿದ್ಯಾನಿಲಯಗಳು ಮಾಡಬೇಕಾದ ಕಾರ್ಯವನ್ನು ಒಂದು ಜಿಲ್ಲಾ ಕಾಲೇಜಿನ ಆವರಣದಲ್ಲಿ ಮಾಡಿ ತೋರಿಸಿದುದು ನಮ್ಮವರಿಗೆ ಹೆಮ್ಮೆಯ ವಿಷಯ.

ಮಣಿಪಾಲದ ಬೋಳು ಗುಡ್ಡದ ಮೇಲೆ ನಡೆದ ಪ್ರಯೋಗವು ಇನ್ನೊಂದು ಬಗೆಯದು. ೧೯೫೩ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, ೧೯೫೭ರಲ್ಲಿ ಇಂಜಿನಿಯರಿಂಗ್ ಕಾಲೇಜು ಅಲ್ಲಿ ತಲೆಯೆತ್ತಿದವು. ವೈದ್ಯವಿದ್ಯಾರ್ಥಿಗಳು ರೋಗಿಗಳ ಬಳಿಯ ಶಿಕ್ಷಣವನ್ನು ಮಂಗಳೂರಿನ ಸರಕಾರೀ ವೆನ್ಲಾಕ್ ಆಸ್ಪತ್ರೆಯಲ್ಲಿ ಪಡೆಯುತ್ತಿದ್ದರು. ಸರಕಾರದ ಬೊಕ್ಕಸವು ಕಾಲೇಜು ಕಟ್ಟಿಕೊಡದಿದ್ದಾಗ ಕಲಿಯುವವರ ಹಣದಿಂದಲೇ ಕಟ್ಟುವುದು ಆಗಿನ ಉಪಾಯ. ಆ ಉಪಾಯವು ಫಲಿಸಿತು. ೧೯೯೩ರಲ್ಲಿ ಮಣಿಪಾಲವು ವಿಶ್ವವಿದ್ಯಾನಿಲಯಕ್ಕೆ ಸಮಾನವೆಂಬ ಮನ್ನಣೆಯನ್ನು ಪಡೆಯಿತು. ಆದರೆ ಅದೇ ಮಾದರಿಯು ರಾಜ್ಯದಲ್ಲೆಲ್ಲ ಹಬ್ಬಿದಾಗ ಕ್ಯಾಪಿಟೇಶನ್ ಶುಲ್ಕವೆಂಬ ಪಿಡುಗೂ ಹಬ್ಬಿತು. ಅದನ್ನು ನಿಷೇಧಿಸಲು ೧೯೮೪ರಲ್ಲಿ ಕರ್ನಾಟಕವು ಕಾನೂನು ಮಾಡಬೇಕಾಯಿತು. ೨೦೦೨ರಲ್ಲಿ ಸರ್ವೋಚ್ಚ ನ್ಯಾಯಾಲಯದ ಹನ್ನೊಂದು ನ್ಯಾಯಾಧೀಶರ ಪೀಠವು ಕೊಟ್ಟ ಪ್ರಸಿದ್ಧ ತೀರ್ಪು ಟಿ. ಎಂ. ಎ. ಪೈ ಪ್ರತಿಷ್ಠಾನದ ಹೆಸರಿನಲ್ಲಿಯೇ ಇದೆ. ಖಾಸಗಿ ಸಂಸ್ಥೆಗಳು ಶುಲ್ಕವನ್ನು ತಾವೇ ನಿರ್ಧರಿಸಬಹುದು, ಆದರೆ ವಿದ್ಯೆಯನ್ನು ಲಾಭಕೋರತನಕ್ಕೆ ಎಡೆಮಾಡಬಾರದು ಎಂಬುದು ಆ ತೀರ್ಪಿನ ತಿರುಳು.

ನ್ಯಾಯಾಲಯವು ಹಾಕಿದ ಈ ಗೆರೆಯನ್ನು ಊರೂರಿನಲ್ಲಿ ಕಾಯಬೇಕಾದವರು ನಾವೇ. ಕಾಲೇಜು ಹತ್ತಿರ ಬಂದುದರಿಂದ ಹೊಳೆಗಳ ಅಡ್ಡಿ ತೀರಿತು. ಹಣದ ಅಡ್ಡಿ ತೀರಿತೇ ಎಂಬುದೇ ಉಳಿದ ಪ್ರಶ್ನೆ. ದಿನಕ್ಕೆ ಎರಡಾಣೆ ಉಳಿಸುವ ಮನೆಯೂ ಬ್ಯಾಂಕಿಗೆ ಬೇಕಾದ ಮನೆಯೇ ಎಂದು ಈ ಸೀಮೆಯವರು ೧೯೨೮ರಲ್ಲಿಯೇ ಲೋಕಕ್ಕೆ ತೋರಿಸಿದರು. ಅಂತಹ ಮನೆಯ ಮಗನೂ ಮಗಳೂ ಕಾಲೇಜಿಗೆ ಬೇಕಾದವರೇ ಎಂಬುದನ್ನು ವಿದ್ಯಾರ್ಥಿವೇತನಗಳಿಂದಲೂ ದತ್ತಿನಿಧಿಗಳಿಂದಲೂ ತೋರಿಸಿಕೊಡುವುದು ಆ ಹಿರಿಯರ ಕಾರ್ಯದ ಸಹಜವಾದ ಮುಂದುವರಿಕೆಯಾಗಿದೆ.