ಸಯನೈಡ್ ದಿಬ್ಬ ಮತ್ತು ಯೀಸ್ಟಿನ ಎರಡು ಉಸಿರು

1986ರ ಮಳೆಗಾಲವಿರಬೇಕು. ಬಂಗಾರಪೇಟೆಯ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿಗೆ ಉಸಿರಾಟದ ಪಾಠ ಮಾಡುತ್ತಿದ್ದೆ. ಊರಿಗಾಂನಿಂದ ದಿನವೂ ಮಾರಿಕುಪ್ಪಂ ರೈಲಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ಎದ್ದು ನಿಂತು, "ಸಾರ್, ಸಯನೈಡ್ ಮನುಷ್ಯನನ್ನು ಹೇಗೆ ಕೊಲ್ಲುತ್ತದೆ?" ಎಂದು ಕೇಳಿದ. ಅವನ ತಂದೆ ಚಾಂಪಿಯನ್ ರೀಫ್ ಗಣಿಯಲ್ಲಿ ಕೆಳಗಿಳಿದು ದುಡಿಯುತ್ತಿದ್ದವರು. ಮನೆಯ ಹಿಂಬದಿಗೇ ಸಯನೈಡ್ ದಿಬ್ಬ. ಅದಿರನ್ನು ಪುಡಿಮಾಡಿ, ಸಯನೈಡ್ ದ್ರಾವಣದಿಂದ ಚಿನ್ನವನ್ನು ಸೆಳೆದುಕೊಂಡ ಮೇಲೆ ಉಳಿದ ಬೂದುಬಣ್ಣದ ಪುಡಿಯ ಆ ಗುಡ್ಡಗಳನ್ನು ನಿಮ್ಮಲ್ಲಿ ಅನೇಕರು ಬಲ್ಲಿರಿ. ಗಾಳಿ ಎದ್ದರೆ ಆ ಧೂಳು ಅನ್ನದ ತಟ್ಟೆಗೂ ಬರುತ್ತಿತ್ತು.

ರಕ್ತದಲ್ಲಿ ಆಮ್ಲಜನಕವಿದ್ದರೂ ಅದನ್ನು ಬಳಸಿಕೊಳ್ಳುವ ಕೊನೆಯ ಕಿಣ್ವವನ್ನು ಸಯನೈಡ್ ಕಟ್ಟಿಹಾಕುತ್ತದೆ ಎಂದು ವಿವರಿಸಿದೆ. ಅವನು ಕೂರಲಿಲ್ಲ. "ಆ ಕಿಣ್ವ ಎಲ್ಲ ಕಡೆಯೂ ಒಂದೇ ತರಹವೇ ಸಾರ್? ಗಾಳಿ ಕಡಿಮೆ ಇರುವ ಕಡೆಗೆ ಬೇರೆ ಇರುವುದಿಲ್ಲವೇ?" ಎಂದ. "ಒಂದೇ ಕಣಯ್ಯ, ಕೂತುಕೋ" ಎಂದುಬಿಟ್ಟೆ. ನಾನು ಕೊಟ್ಟ ಉತ್ತರ ತಪ್ಪಾಗಿತ್ತು. ಆ ತಪ್ಪಿನ ಚರಿತ್ರೆಯೇ ಈ ಬರಹ.

ಈ ಕಿಣ್ವದ ಕಥೆಗೂ ಗಣಿಗೂ ಹಳೆಯ ನಂಟಿದೆ. ಬ್ರಿಟನ್ನಿನ ಗಣಿಗಳ ವಿಷಗಾಳಿಯನ್ನು ಅಭ್ಯಾಸಮಾಡಿದ ಜೆ. ಎಸ್. ಹಾಲ್ಡೇನ್ ಅವರು, ರಕ್ತಕ್ಕೆ ಅಂಟಿಕೊಂಡ ಕಾರ್ಬನ್ ಮಾನಾಕ್ಸೈಡ್ ಬೆಳಕಿನಲ್ಲಿ ಬಿಟ್ಟುಕೊಳ್ಳುತ್ತದೆಂದು 1890ರ ದಶಕದಲ್ಲಿ ಕಂಡಿದ್ದರು. 1926ರಲ್ಲಿ ಜರ್ಮನಿಯ ಓಟೋ ವಾರ್ಬುರ್ಗ್ ಅದನ್ನೇ ಯೀಸ್ಟಿನಲ್ಲಿ ಪರೀಕ್ಷಿಸಿದರು. ಕಾರ್ಬನ್ ಮಾನಾಕ್ಸೈಡಿನಿಂದ ತಗ್ಗಿದ ಯೀಸ್ಟಿನ ಉಸಿರಾಟ ಬೆಳಕು ಬಿದ್ದೊಡನೆ ಚೇತರಿಸಿಕೊಂಡಿತು. ಈ ಉಸಿರಾಟದ ಕಿಣ್ವದ ಶೋಧಕ್ಕಾಗಿ ಅವರಿಗೆ 1931ರ ನೊಬೆಲ್ ಬಂದಿತು. ಇದಕ್ಕೆ ತುಸು ಮೊದಲು, 1925ರಲ್ಲಿ, ಕೇಂಬ್ರಿಜ್‌ನ ಡೇವಿಡ್ ಕೈಲಿನ್ ಪುಟ್ಟ ರೋಹಿತದರ್ಶಕದಲ್ಲಿ ಯೀಸ್ಟಿನ ನೀರನ್ನು ನೋಡಿ ನಾಲ್ಕು ಕಪ್ಪು ಪಟ್ಟಿಗಳನ್ನು ಗುರುತಿಸಿದ್ದರು. ಗಾಳಿಯೊಡನೆ ಕುಲುಕಿದರೆ ಪಟ್ಟಿಗಳು ಮಾಯ. ಸುಮ್ಮನೆ ಇಟ್ಟರೆ ಮತ್ತೆ ಪ್ರತ್ಯಕ್ಷ. ಆ ವರ್ಣದ್ರವ್ಯಗಳಿಗೆ ಅವರಿಟ್ಟ ಹೆಸರು ಸೈಟೋಕ್ರೋಮ್. ನನಗೆ ಈ ಪ್ರಯೋಗದಷ್ಟು ಅಚ್ಚುಕಟ್ಟಾದದ್ದು ಬೇರೆ ಕಾಣದು. ಬ್ರೆಡ್ಡನ್ನು ಉಬ್ಬಿಸುವ ಯೀಸ್ಟು, ಗಾಜಿನ ಕೊಳವೆ, ಸ್ವಲ್ಪ ತಾಳ್ಮೆ, ಇಷ್ಟೇ.

ನಮ್ಮ ನಾಡಿನ ಪಾಲೂ ಇದರಲ್ಲಿ ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎಂ. ಕೆ. ಸುಬ್ರಮಣ್ಯಂ ಅವರು ಅಸೆನಾಫ್ಥೀನ್ ಎಂಬ ರಾಸಾಯನಿಕದಿಂದ ಯೀಸ್ಟಿನ ವರ್ಣತಂತುಗಳನ್ನು ಇಮ್ಮಡಿಗೊಳಿಸಿದ್ದಾಗಿ 1945ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬರೆದರು. ಬೆಳಕಿನ ಸೂಕ್ಷ್ಮದರ್ಶಕವೊಂದನ್ನೇ ನಂಬಿ ಅಷ್ಟು ಸಣ್ಣ ವರ್ಣತಂತುಗಳನ್ನು ಎಣಿಸುವುದು ಸುಲಭದ ಮಾತಲ್ಲ. ಅವು ಹದಿನಾರು ಎಂಬುದು ನಿಶ್ಚಯವಾದದ್ದು ಬಹಳ ಅನಂತರ. ಆದರೂ ಇಮ್ಮಡಿಯಾದ ಯೀಸ್ಟಿನ ಬಗ್ಗೆ ಬೆಂಗಳೂರಿನಲ್ಲಿ ಅಷ್ಟು ಹಿಂದೆಯೇ ಚಿಂತನೆ ನಡೆದಿತ್ತೆಂಬುದು ನನಗೆ ಹೆಮ್ಮೆಯ ವಿಷಯ.

ಪ್ರಯೋಗಶಾಲೆಯ ಹಂಗಿಲ್ಲದೆ ಪ್ರಕೃತಿಯೇ ಹೀಗೆ ಇಮ್ಮಡಿ ಮಾಡಿತ್ತೆಂಬುದು ಬಳಿಕ ತಿಳಿಯಿತು. ವಂಶವಾಹಿಯೊಂದಕ್ಕೆ ಎರಡು ಪ್ರತಿಗಳಾದರೆ ಒಂದು ಹಳೆಯ ಕೆಲಸ ನೋಡಿಕೊಳ್ಳುತ್ತದೆ, ಇನ್ನೊಂದು ಹೊಸತನ್ನು ಕಲಿಯಲು ಸ್ವತಂತ್ರ ಎಂದು ಸುಸುಮು ಓನೋ 1970ರಲ್ಲೇ ವಾದಿಸಿದ್ದರು. ಯೀಸ್ಟಿನ ಇಡೀ ಜೀನೋಮ್ 1996ರಲ್ಲಿ ಓದಲ್ಪಟ್ಟಿತು. ಮರುವರ್ಷವೇ ಕೆನೆತ್ ವುಲ್ಫ್ ಮತ್ತು ಡೆನಿಸ್ ಶೀಲ್ಡ್ಸ್ ಅದರ ಪೂರ್ವಜರಲ್ಲಿ ಸುಮಾರು ಹತ್ತು ಕೋಟಿ ವರ್ಷಗಳ ಹಿಂದೆ ಸಮಸ್ತ ವಂಶವಾಹಿಗಳೂ ಒಮ್ಮೆಗೇ ಇಮ್ಮಡಿಯಾಗಿದ್ದವೆಂದು ತೋರಿಸಿದರು. ಆ ಜೋಡಿಗಳಲ್ಲಿ ಬಹುಪಾಲು ಒಂದೊಂದು ಪ್ರತಿಯನ್ನು ಕಳೆದುಕೊಂಡವು. ಉಳಿದ ಕೆಲವು ನೂರು ಜೋಡಿಗಳಲ್ಲಿ ನಮ್ಮ ಹುಡುಗ ಕೇಳಿದ ಕಿಣ್ವದ ಒಂದು ಭಾಗವೂ ಸೇರಿದೆ.

ಸಯನೈಡ್ ಕಟ್ಟಿಹಾಕುವ ಸೈಟೋಕ್ರೋಮ್ ಆಕ್ಸಿಡೇಸ್ ಹಲವು ಪ್ರೋಟೀನುಗಳ ಕೂಟ. ಅದರ ಐದನೆಯ ಘಟಕಕ್ಕೆ ಯೀಸ್ಟಿನಲ್ಲಿ ಎರಡು ವಂಶವಾಹಿಗಳಿವೆ: ಕಾಕ್ಸ್-5ಎ ಮತ್ತು ಕಾಕ್ಸ್-5ಬಿ. ಆಮ್ಲಜನಕ ಧಾರಾಳವಾಗಿದ್ದಾಗ ಮೊದಲನೆಯದು ಕೆಲಸಕ್ಕೆ ನಿಲ್ಲುತ್ತದೆ, ಎರಡನೆಯದರ ಬಾಯಿ ಮುಚ್ಚಿರುತ್ತದೆ. ಆಮ್ಲಜನಕ ತೀರ ತಗ್ಗಿದಾಗ ಪಾಳಿ ಬದಲಾಗುತ್ತದೆ. ಎರಡನೆಯ ಘಟಕ ಸೇರಿದ ಕಿಣ್ವದ ಕೆಲಸದ ವೇಗ ಹೆಚ್ಚು. ಸಿಕ್ಕಷ್ಟು ಆಮ್ಲಜನಕದಲ್ಲಿಯೇ ಜೀವಕೋಶ ಸಂಸಾರ ತೂಗಿಸುತ್ತದೆ. ಅದಕ್ಕೆ ಎಲೆಕ್ಟ್ರಾನುಗಳನ್ನು ತಂದೊಪ್ಪಿಸುವ ಸೈಟೋಕ್ರೋಮ್-ಸಿಗೂ ಹೀಗೆಯೇ ಎರಡು ರೂಪಗಳಿವೆ. ಕೊಲರಾಡೋದ ರಾಬರ್ಟ್ ಪಾಯ್ಟನ್ ಅವರ ತಂಡ ಐದನೆಯ ಘಟಕದ ಈ ಎರಡು ವಂಶವಾಹಿಗಳ ಬಗ್ಗೆ ಬರೆಯಲಾರಂಭಿಸಿದ್ದು 1980ರ ದಶಕದ ನಡುವಿನಲ್ಲಿ. ಎಂದರೆ, ನಾನು ತರಗತಿಯಲ್ಲಿ "ಒಂದೇ" ಎಂದಾಗಲೇ ಅದು ಎರಡೆಂದು ಅಚ್ಚಾಗಿತ್ತು.

ಹುಡುಗನ ಊಹೆಯಲ್ಲೂ ಒಂದು ತಿದ್ದುಪಡಿ ಬೇಕು. ಗಣಿಯಲ್ಲಿ ಇಳಿದಂತೆಲ್ಲ ಗಾಳಿಯ ಒತ್ತಡ ಹೆಚ್ಚುತ್ತದೆ, ಕಡಿಮೆಯಾಗುವುದಿಲ್ಲ. ಮೂರು ಕಿಲೋಮೀಟರಿಗೂ ಆಳದ ಚಾಂಪಿಯನ್ ರೀಫ್‌ನಲ್ಲಿ ಜನರನ್ನು ಹಿಂಡಿದ್ದು ಬಿಸಿ ಮತ್ತು ಕಲ್ಲಿನ ಧೂಳು. ಅವನ ತಂದೆಗೆ ಆಗಲೇ ಕೆಮ್ಮು ಹಿಡಿದಿತ್ತೆಂದು ನನಗೆ ತಿಳಿದದ್ದು ಆ ವರ್ಷದ ಕೊನೆಗೆ. ಸಿಲಿಕೋಸಿಸ್ ಹಿಡಿದ ಪುಪ್ಪುಸಕ್ಕೆ ಯಾವ ವಂಶವಾಹಿಯ ಎರಡನೆಯ ಪ್ರತಿಯೂ ಔಷಧವಲ್ಲ. ಪ್ರಶ್ನೆ ಎಲ್ಲಿಂದ ಹುಟ್ಟಿತ್ತೆಂಬುದು ನನಗೆ ಅರ್ಥವಾಗಲು ಅಷ್ಟು ಕಾಲ ಹಿಡಿಯಿತು.

ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು, ಮನುಷ್ಯನ ಮಟ್ಟಿಗೂ. ಯೀಸ್ಟಿನ ಐದನೆಯ ಘಟಕಕ್ಕೆ ನಮ್ಮ ದೇಹದಲ್ಲಿ ಸಮನಾದದ್ದು ಕಾಕ್ಸ್-4. ಅದಕ್ಕೂ ಎರಡು ರೂಪಗಳು. ಆಮ್ಲಜನಕ ಕಡಿಮೆಯಾದಾಗ ಜೀವಕೋಶ ಒಂದನ್ನು ಬಿಟ್ಟು ಇನ್ನೊಂದಕ್ಕೆ ಹೊರಳುತ್ತದೆಂದು ಗ್ರೆಗ್ ಸೆಮೆನ್ಜಾ ಅವರ ತಂಡ 2007ರಲ್ಲಿ ತೋರಿಸಿತು. ಆ ಎರಡನೆಯ ರೂಪ ಹೆಚ್ಚಾಗಿ ಕಾಣುವುದು ಪುಪ್ಪುಸದಲ್ಲಿ.

ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಹುಡುಗ ಎಲ್ಲಿದ್ದಾನೋ ತಿಳಿಯದು. ಈಗ ಅವನಿಗೂ ಐವತ್ತು ದಾಟಿರಬೇಕು. ಅವನ ಸಹಪಾಠಿಗಳು ಯಾರಾದರೂ ಇದನ್ನು ಓದುತ್ತಿದ್ದರೆ, ಮೇಷ್ಟ್ರು ಉತ್ತರವನ್ನು ತಿದ್ದಿಕೊಂಡಿದ್ದಾರೆಂದು ದಯವಿಟ್ಟು ಅವನಿಗೆ ತಿಳಿಸಿರಿ.