ಕ್ಯಾಸನೂರು ಕಾಡಿನ ಕಾಯಿಲೆ: ಸಂಶೋಧನೆಯ ಹಾದಿ, ಚಿಕಿತ್ಸೆಯ ಮಿತಿ

ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ 1957ರ ಮಾರ್ಚ್ ವೇಳೆಗೆ ಮುಸಿಯಗಳೂ ಕೋಡಗಗಳೂ ಸತ್ತು ಬೀಳತೊಡಗಿ, ಸುತ್ತಲಿನ ಹಳ್ಳಿಗರಲ್ಲೂ ಮಾರಕ ಜ್ವರ ಕಾಣಿಸಿಕೊಂಡಾಗ, ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಜ್ಞರಿಗೆ ಮೊದಲು ಬಂದ ಅನುಮಾನ ಏಷ್ಯಾದಲ್ಲಿ ಎಂದೂ ನೆಲೆಯೂರದ ಹಳದಿ ಜ್ವರದ್ದು. ಆದರೆ ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಬೇರ್ಪಡಿಸಿದ ವೈರಾಣು ಸೊಳ್ಳೆಯಿಂದ ಹರಡುವಂಥದಾಗಿರದೆ, ರಷ್ಯಾದ ಮಿದುಳುಜ್ವರದ ವೈರಾಣುವಿಗೆ ಹತ್ತಿರದ, ಉಣುಗುಗಳು ಹೊತ್ತು ತರುವ ಹೊಸ ವೈರಾಣುವಾಗಿತ್ತು. ವಲಸೆ ಹಕ್ಕಿಗಳೇ ಅದನ್ನು ಉತ್ತರದಿಂದ ತಂದಿರಬಹುದೆಂಬ ಊಹೆಗೆ ಮುಂದಿನ ಅಧ್ಯಯನಗಳಲ್ಲಿ ಪುಷ್ಟಿ ದೊರೆಯಲಿಲ್ಲ.

ಈ ಕ್ಷೇತ್ರದ ಅತ್ಯುತ್ತಮ ಕೆಲಸ ನಡೆದದ್ದು ಆಸ್ಪತ್ರೆಯಲ್ಲಲ್ಲ, ಕಾಡಂಚಿನಲ್ಲಿ. ಕಾಡು ಕಡಿದು ಗದ್ದೆ-ತೋಟ ಮಾಡಿದಲ್ಲಿ ಮೇಯುವ ದನಗಳು ಬೆಳೆದ ಉಣುಗುಗಳಿಗೆ ರಕ್ತವುಣಿಸಿ ಅವುಗಳ ಸಂತತಿಯನ್ನು ಹೆಚ್ಚಿಸುತ್ತವೆ ಎಂಬುದನ್ನು ಸಂಶೋಧಕ ಹೋರ್ಹೆ ಬೊಶೆಲ್ 1969ರಲ್ಲಿ ವಿವರಿಸಿದರು. ಸೋಂಕು ತಗಲಿದ ಮಂಗ ಸತ್ತಾಗ ಅದರ ಮೈಮೇಲಿನ ಉಣುಗುಗಳು ನೆಲಕ್ಕುದುರಿ, ಆ ಜಾಗವೇ ಅಪಾಯದ ತಾಣವಾಗುತ್ತದೆ. ಮರಿ ಉಣುಗುಗಳು ಹೆಚ್ಚುವ ಬೇಸಿಗೆಯ ತಿಂಗಳುಗಳಲ್ಲಿಯೇ ಜನ ಸೌದೆಗೂ ತರಗೆಲೆಗೂ ಕಾಡಿಗೆ ಹೋಗುವುದರಿಂದ, ಕಾಯಿಲೆ ಬಹುಮಟ್ಟಿಗೆ ಬಡ ಕೂಲಿಕಾರರ ಮತ್ತು ರೈತರ ಪಾಲಿಗೇ ಬಂದಿದೆ. ಮನುಷ್ಯನಿಂದ ಮನುಷ್ಯನಿಗೆ ಇದು ಹರಡುವುದಿಲ್ಲ. ಮೊದಲ ಒಂದೂವರೆ ದಶಕ ಸೊರಬ, ಶಿಕಾರಿಪುರ, ಸಾಗರ ತಾಲ್ಲೂಕುಗಳ ಆಸುಪಾಸಿನಲ್ಲೇ ಇದ್ದ ರೋಗ ಎಂಬತ್ತರ ದಶಕದಲ್ಲಿ ಬೆಳ್ತಂಗಡಿಯನ್ನೂ, 2012ರಿಂದೀಚೆಗೆ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗಗಳನ್ನೂ ಮುಟ್ಟಿತು.

ಚಿಕಿತ್ಸೆಯ ಮಾತು ಬೇರೆ. ವೈರಾಣುವನ್ನೇ ಕೊಲ್ಲುವ ನಿರ್ದಿಷ್ಟ ಔಷಧಿ ಇಂದಿಗೂ ಇಲ್ಲದಿರುವುದರಿಂದ, ದೇಹದ ನೀರಿನಂಶ ಕಾಯುವುದು, ರಕ್ತಸ್ರಾವವಾದರೆ ರಕ್ತ ಕೊಡುವುದು, ಜ್ವರ ಇಳಿದ ಮೇಲೂ ಕೆಲವರಲ್ಲಿ ಮಿದುಳಿನ ಲಕ್ಷಣಗಳೊಂದಿಗೆ ಮರುಕಳಿಸುವ ಎರಡನೆಯ ಹಂತಕ್ಕೆ ಎಚ್ಚರದಿಂದಿರುವುದು, ಇಷ್ಟೇ ವೈದ್ಯರ ಕೈಯಲ್ಲಿದೆ. ಸೋಂಕಿತರಲ್ಲಿ ಸುಮಾರು ಶೇ. 3ರಿಂದ 5ರಷ್ಟು ಮಂದಿ ಸಾಯುತ್ತಾರೆ.

ಭರವಸೆಯಿಟ್ಟದ್ದು ಲಸಿಕೆಯ ಮೇಲೆ. ಕೋಳಿ ಭ್ರೂಣದ ಜೀವಕೋಶಗಳಲ್ಲಿ ವೈರಾಣುವನ್ನು ಬೆಳೆಸಿ ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಈ ಲಸಿಕೆಯ ಎರಡು ಡೋಸುಗಳು 1990-92ರ ಕ್ಷೇತ್ರ ಪರೀಕ್ಷೆಯಲ್ಲಿ ಶೇ. 93.5ರಷ್ಟು ರಕ್ಷಣೆ ಕೊಟ್ಟಿದ್ದರೆ, 2005-10ರ ಅಂಕಿಅಂಶಗಳಲ್ಲಿ ಅದು ಶೇ. 62.4ಕ್ಕೆ ಕುಸಿದಿತ್ತು, ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾದ ನೋವಿನ ಡೋಸುಗಳಿಂದ ಜನರೂ ಹಿಂಜರಿದರು. 2022ರಲ್ಲಿ ಅದರ ಬಳಕೆಯೇ ನಿಂತಿತು. ರೋಗದ ಪರಿಸರವನ್ನು ಒಂದು ದಶಕದಲ್ಲಿ ಅರಿತ ವಿಜ್ಞಾನ, ಔಷಧಿಯ ವಿಷಯದಲ್ಲಿ ಆರು ದಶಕಗಳಿಗೂ ಮೀರಿ ಕಾಯಿಸಿದ್ದು ಅಕ್ಷಮ್ಯ ವಿಳಂಬ. ಹೊಸ ಲಸಿಕೆ ಹಳ್ಳಿಗಳನ್ನು ತಲುಪುವವರೆಗೆ, ಸತ್ತ ಮಂಗ ಕಂಡವರು ಅದನ್ನು ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು, ಕಾಡಿಗೆ ಹೋಗುವವರು ಉಣುಗು ವಿಕರ್ಷಕ ತೈಲ ಹಚ್ಚಿಕೊಳ್ಳಬೇಕು, ಜ್ವರ ಬಂದವರು ಮೊದಲ ದಿನಗಳಲ್ಲೇ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕು.