ಓದಲಾರದವರ ಗಣಕ: ವಿನಯ್ ದೇಶಪಾಂಡೆ ಮತ್ತು ಸಿಂಪ್ಯೂಟರ್

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳನ್ನೊಳಗೊಂಡ ಬಯಲುಸೀಮೆಯಲ್ಲಿ ತಿಳಿವು ಬಹುಕಾಲ ಕಿವಿಯ ದಾರಿಯಲ್ಲಿ ಸಾಗಿಬಂದಿದೆ. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರಣಿಕವು ಬಾಯಿಂದ ಬಾಯಿಗೆ ಹಬ್ಬುತ್ತದೆ. ಮಳೆ ಬೆಳೆಗಳ ಸೂಚನೆಯೆಂದು ಕೇಳಿದವರೇ ಅದಕ್ಕೆ ಅರ್ಥ ಹಚ್ಚುತ್ತಾರೆ. ಆದರೆ ರೈತನ ಹೊಲದ ಹಕ್ಕು ಕಾಗದದಲ್ಲಿದೆ. ಓದಲು ಬಾರದವನು ಪಹಣಿಯನ್ನು ಮತ್ತೊಬ್ಬರಿಂದ ಓದಿಸಿಕೊಳ್ಳಬೇಕು, ಓದಿದವರ ಮಾತನ್ನು ನಂಬಬೇಕು. ಈ ಪರಾಧೀನತೆಯನ್ನು ಯಂತ್ರವೊಂದು ನೀಗಬಲ್ಲುದೆಂದು ಬೆಂಗಳೂರಿನಲ್ಲಿ ಕೆಲವರು ನಂಬಿದ್ದರು. ಅವರಲ್ಲಿ ತಂತ್ರಜ್ಞ ಉದ್ಯಮಿ ವಿನಯ್ ದೇಶಪಾಂಡೆ ಒಬ್ಬರು.

ಇಂಟೆಲ್ ಸಂಸ್ಥೆಯ 4004 ಮೈಕ್ರೊಪ್ರೊಸೆಸರ್ ಹೊರಬಂದದ್ದು 1971ರಲ್ಲಿ. ಅದೇ ದಶಕದಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಪ್ರೊಸೆಸರ್ ಸಿಸ್ಟಮ್ಸ್ ಇಂಡಿಯಾ ಸಂಸ್ಥೆಯ ಸ್ಥಾಪಕರಲ್ಲಿ ದೇಶಪಾಂಡೆಯವರೂ ಸೇರಿದ್ದರು. ಬಿಡಿಭಾಗಗಳ ಆಮದಿಗೂ ಪರವಾನಗಿ ಬೇಕಿದ್ದ ಕಾಲವದು. ಮುಂದೆ ಅವರು ಎನ್ಕೋರ್ ಸಾಫ್ಟ್‌ವೇರ್ ಸಂಸ್ಥೆಯನ್ನು ಕಟ್ಟಿದರು.

1999ರಲ್ಲಿ ಎನ್ಕೋರ್‌ನವರೂ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಾಮಿ ಮನೋಹರ್, ವಿಜಯ್ ಚಂದ್ರು, ವಿ. ವಿನಯ್, ರಮೇಶ್ ಹರಿಹರನ್ ಅವರೂ ಕೂಡಿ ಸಿಂಪ್ಯೂಟರ್ ಟ್ರಸ್ಟನ್ನು ರಚಿಸಿದರು. 2001ರಲ್ಲಿ ಪ್ರದರ್ಶಿತವಾದ ಅಂಗೈಯಗಲದ ಈ ಗಣಕದಲ್ಲಿ ಇಂಟೆಲ್‌ನ ಸ್ಟ್ರಾಂಗ್ಆರ್ಮ್ ಪ್ರೊಸೆಸರ್ ಹಾಗೂ ಲಿನಕ್ಸ್ ಇದ್ದವು. ಕೀಲಿಮಣೆ ಇರಲಿಲ್ಲ, ಪರದೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು. ಬರೆಹವನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ವ್ಯವಸ್ಥೆಯನ್ನೂ ಅದಕ್ಕಾಗಿ ರೂಪಿಸಲಾಯಿತು. ಜಾನಪದ ಅಧ್ಯಯನದ ದೃಷ್ಟಿಯಿಂದ ಇದಕ್ಕಿಂತಲೂ ಮಹತ್ವದ್ದು ಸ್ಮಾರ್ಟ್ ಕಾರ್ಡಿನ ಕಲ್ಪನೆ. ಯಂತ್ರ ಊರಿಗೆ ಒಂದೇ ಇರಬಹುದು, ಅವರವರ ವಿವರ ಅವರವರ ಕಾರ್ಡಿನಲ್ಲಿ. ಊರ ಬಾವಿಯೊಂದೇ, ಕೊಡ ಮನೆಮನೆಯದು ಎಂಬ ಬಾಳುವೆಯನ್ನು ಬಲ್ಲ ಸಮಾಜಕ್ಕೆ ಇದು ಹೊಸ ವಿಚಾರವೇನಲ್ಲ.

ಮಾರುಕಟ್ಟೆ ಬೇರೆಯೇ ದಾರಿ ಹಿಡಿಯಿತು. 2004ರ ಮಾರ್ಚ್‌ನಲ್ಲಿ ಪಿಕೊಪೆಟಾ ಮತ್ತು ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಗಳು ಅಮಿಡಾ ಸಿಂಪ್ಯೂಟರನ್ನು ತಂದಾಗ ಅದರ ಆರಂಭಿಕ ಬೆಲೆಯೇ ಹತ್ತು ಸಾವಿರ ರೂಪಾಯಿಗಳ ಆಸುಪಾಸಿನಲ್ಲಿತ್ತು. ಮಾರಾಟ ಕೆಲವು ಸಾವಿರಗಳನ್ನು ದಾಟಲಿಲ್ಲ. ಕರ್ನಾಟಕದ ಭೂದಾಖಲೆ ಕಾರ್ಯದಲ್ಲಿ ಅದು ಬಳಕೆಯಾಯಿತು, ನಿಜ; ಆದರೆ ಹಿಡಿದದ್ದು ಅಧಿಕಾರಿಯ ಕೈ. ರೈತನಿಗೆ ದೊರೆತದ್ದು ‘ಭೂಮಿ’ ಯೋಜನೆಯ ಕೇಂದ್ರದಲ್ಲಿ 15 ರೂಪಾಯಿಗೆ ಕೊಡುತ್ತಿದ್ದ ಮುದ್ರಿತ ಪಹಣಿ. ಕೊಟ್ಟೂರು ಆಗ ಕೂಡ್ಲಿಗಿ ತಾಲ್ಲೂಕಿನಲ್ಲಿದ್ದುದರಿಂದ ಅಲ್ಲಿಯವರ ತಾಲ್ಲೂಕು ಕಚೇರಿ ಕೂಡ್ಲಿಗಿಯಾಗಿತ್ತು. ಕೈಬರಹದ ಬದಲು ಅಚ್ಚು ಬಂದಿತು. ತಿದ್ದುವ ಕೈಗೆ ಕಡಿವಾಣ ಬಿದ್ದಿತು. ಅದು ಸಣ್ಣ ಲಾಭವಲ್ಲ. ಓದಿಸಿಕೊಳ್ಳುವ ಅಗತ್ಯ ಮಾತ್ರ ಉಳಿಯಿತು.

ಎನ್ಕೋರ್ ಸೈನ್ಯದ ಬಳಕೆಗಾಗಿ ‘ಸಾಥಿ’ಯನ್ನೂ 2005ರಲ್ಲಿ ‘ಮೊಬಿಲಿಸ್’ ಎಂಬ ಅಗ್ಗದ ಗಣಕವನ್ನೂ ರೂಪಿಸಿತು. ಸಿಂಪ್ಯೂಟರಿನ ಹಿನ್ನಡೆಗೆ ಬೆಲೆಯನ್ನಷ್ಟೇ ಹೊಣೆಯಾಗಿಸುವುದು ಸಾಲದು. 2003ರಲ್ಲಿ ಒಳಬರುವ ಕರೆಗಳ ಶುಲ್ಕ ರದ್ದಾದ ಮೇಲೆ ಮೊಬೈಲ್ ಫೋನು ಹಳ್ಳಿಗಳತ್ತ ಹೊರಳಿತು. ಸಿಂಪ್ಯೂಟರ್ ಇನ್ನೊಬ್ಬರು ಬರೆದುದನ್ನು ಕೇಳಿಸುತ್ತಿತ್ತು. ಫೋನು ಜನರ ಸ್ವಂತ ಮಾತನ್ನೇ ಒಯ್ದಿತು. ಮೌಖಿಕ ಪರಂಪರೆಯ ಜನ ಯಾವುದನ್ನು ಆಯ್ದುಕೊಂಡರೆಂಬುದರಲ್ಲಿ ಆಶ್ಚರ್ಯವಿಲ್ಲ. ಪಹಣಿಯನ್ನು ಓದಿ ಹೇಳುವ ಕೆಲಸವನ್ನು ಮಾತ್ರ ಆ ಕಾಲದ ಫೋನು ಮಾಡಲಿಲ್ಲ.